ಹೊಗೆಗೆ ಅಡ್ಡ ನಿಂತ ತಾಟು

ಮೊದಲಿಗೆ ಓದುಗರಲ್ಲಿ ಒಂದು ಅರಿಕೆ. ಈ ಬರಹದಲ್ಲಿ ಎಂಜಿನ್ನಿನ ವಿಷಯ ಬರುತ್ತದೆ. ನಾನು ಓದಿದ್ದು ಇತಿಹಾಸ. ವಾಕ್ಯಗಳು ಅಗತ್ಯಕ್ಕಿಂತ ಉದ್ದವಾಗಿರಬಹುದು. ಹಲವು ವರ್ಷ ಸರ್ಕಾರಿ ಪತ್ರಗಳನ್ನು ಬರೆದ ಕೈ ಇದು, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎನ್ನದೆ ಯಾವ ಮಾತನ್ನೂ ಆರಂಭಿಸಲು ಅದಕ್ಕೆ ಧೈರ್ಯ ಸಾಲದು. ಎಲ್ಲಿಯಾದರೂ ಒತ್ತಕ್ಷರ ತಪ್ಪಿದ್ದರೆ, ನಳಿಕೆಯ ಜಾಗದಲ್ಲಿ ಕವಾಟವೂ ಕವಾಟದ ಜಾಗದಲ್ಲಿ ನಳಿಕೆಯೂ ಬಂದಿದ್ದರೆ ದಯವಿಟ್ಟು ಮನ್ನಿಸಬೇಕು. ತಪ್ಪಾಗಬಾರದೆಂಬ ಭಯವೇ ನನ್ನಿಂದ ಬಹಳಷ್ಟು ತಪ್ಪುಗಳನ್ನು ಮಾಡಿಸಿದೆ. ಇಲ್ಲಿ ನಿವೇದಿಸಿಕೊಳ್ಳಲಿರುವುದು ಅವುಗಳಲ್ಲಿ ಒಂದನ್ನು ಮಾತ್ರ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ನಮ್ಮ ಕಡೆ ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ಹೆಸರು ಕೊರೆಸಿದ ಪಾತ್ರೆಗಳನ್ನು ಬೀಗರಿಗೂ ಬಂಧುಗಳಿಗೂ ಹಂಚುವ ರೂಢಿ. ನಾನು ಪಾಸಾದ ವರ್ಷ ಅಪ್ಪ ಹಾನಗಲ್ಲಿನ ಭಾಂಡೆ ಅಂಗಡಿಗೆ ಹೋಗಿ ಐವತ್ತು ಸ್ಟೀಲಿನ ತಾಟುಗಳ ನಡುಮಧ್ಯೆ 'ನನ್ನ ಮಗ ಮಹಾಂತೇಶ ಬಿ.ಎ. ಪಾಸಾದ ಸಂತೋಷಕ್ಕೆ' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿದರು. ಅಪ್ಪನಿಗೆ ಓದಲು ಬಾರದು. ಆದರೂ ಯಾವ ಪದ ಎಲ್ಲಿದೆ ಎಂಬುದನ್ನು ಅಂಗಡಿಯವನಿಂದ ಬೆರಳಿಡಿಸಿ ಕೇಳಿ ತಿಳಿದುಕೊಂಡಿದ್ದರು. ಇದರ ಪರಿಣಾಮವಾಗಿ ಇಂದಿಗೂ ನಾನು ಹಿರೇಕೆರೂರಿನ ಸೋದರತ್ತೆಯ ಮನೆಗೆ ಹೋಗಲಿ, ಶಿಗ್ಗಾವಿಯ ಕಾಕಾನ ಮನೆಗೆ ಹೋಗಲಿ, ಉಣ್ಣುತ್ತ ಅನ್ನ ಕರಗಿದಂತೆಲ್ಲ ಸಾರಿನ ಅಡಿಯಿಂದ ನನ್ನ ಬಿ.ಎ. ಮೇಲೆದ್ದು ಬರುತ್ತದೆ. ಎರಡನೆಯ ದರ್ಜೆಯಲ್ಲಿ ಪಾಸಾದವನಿಗೆ ಇದು ಅಷ್ಟೇನೂ ಹಿತಕರವಾದ ನೋಟವಲ್ಲ. ಐವತ್ತರಲ್ಲಿ ನಲವತ್ತೊಂಬತ್ತು ತಾಟುಗಳು ಹೀಗೆ ನಾಲ್ಕು ತಾಲೂಕುಗಳಲ್ಲಿ ಹಂಚಿಹೋದವು. ಉಳಿದ ಒಂದನ್ನು ಅಪ್ಪ ಉಣ್ಣಲು ಬಳಸದೆ, ಅವ್ವನ ಟ್ರಂಕಿನಲ್ಲಿ ಇಡಿಸಿದರು.

ತಾಟಿನ ಮೇಲೆ ಹೆಸರು ಬಂದ ದಿನದಿಂದ ಮನೆಯಲ್ಲಿ ನನಗೆ ಗೊತ್ತಿಲ್ಲದ ವಿಷಯ ಇರಬಾರದೆಂದು ತೀರ್ಮಾನವಾಯಿತು. ಔಷಧ ಚೀಟಿ, ಕರೆಂಟಿನ ಬಿಲ್ಲು, ಬೆಳೆವಿಮೆಯ ಅರ್ಜಿ ಇವೆಲ್ಲ ಸಹಜ. ಆದರೆ ಎಮ್ಮೆ ಹಾಲು ಕಡಿಮೆ ಮಾಡಿದ್ದೇಕೆ, ಮಿಕ್ಸರಿನಿಂದ ವಾಸನೆ ಬರುವುದೇಕೆ, ಪಕ್ಕದ ಮನೆಯ ಟಿ.ವಿ.ಯಲ್ಲಿ ಕಾಣುವ ಚಾನೆಲ್ಲು ನಮ್ಮಲ್ಲಿ ಕಾಣದಿರುವುದೇಕೆ ಎಂಬ ಪ್ರಶ್ನೆಗಳೂ ನನ್ನ ಬಳಿಗೇ ಬಂದವು. 'ಗೊತ್ತಿಲ್ಲ' ಎಂದು ಹೇಳಿದರೆ ಐವತ್ತು ತಾಟುಗಳ ಮೇಲಿನ ಅಕ್ಷರಗಳು ಒಮ್ಮೆಗೇ ಅಳಿಸಿಹೋಗುತ್ತವೆಂಬ ಭಾವನೆ ನನಗೆ. ಆದ್ದರಿಂದ ನಾನು ಗಂಭೀರವಾಗಿ ಕೆಮ್ಮಿ, "ಅದಕ್ಕ ಎರಡು ಕಾರಣ ಅದಾವು" ಎಂದು ಆರಂಭಿಸುತ್ತಿದ್ದೆ. ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ಕೇಳಿದವರು ಸಾಮಾನ್ಯವಾಗಿ ಎದ್ದುಹೋಗಿರುತ್ತಿದ್ದುದರಿಂದ ನನ್ನ ಮರ್ಯಾದೆ ಉಳಿದುಕೊಂಡು ಬಂತು.

ಹೀಗಿರಲು ನಾವೊಂದು ಹಳೆಯ ಡೀಸೆಲ್ ಕಾರು ಕೊಂಡೆವು. ನನ್ನ ಕಚೇರಿ ಹಿರೇಕೆರೂರಿನಲ್ಲಿ, ಮನೆ ಹಾನಗಲ್ಲಿನಲ್ಲಿ. ಕಾರಿನಲ್ಲಿ ಹೋಗಿ ಬರುವ ನೌಕರರ ನಡುವೆ ಚಹಾದ ಹೊತ್ತಿನಲ್ಲಿ ಮೈಲೇಜಿನ ಮಾತು ಬಂದೇ ಬರುತ್ತದೆ, ಮತ್ತು ಅದನ್ನು ಹೇಳುವ ಗತ್ತು ಮಕ್ಕಳ ಅಂಕ ಹೇಳುವ ಗತ್ತಿಗಿಂತ ಬೇರೆಯಲ್ಲ. ಶಿಗ್ಗಾವಿ ಕಡೆಯ ಸಹೋದ್ಯೋಗಿಯೊಬ್ಬರು ತಮ್ಮ ಕಾರು ಲೀಟರಿಗೆ ಇಪ್ಪತ್ತೆರಡು ಕೊಡುತ್ತದೆಂದು ಹೇಳಿ, ಬಿಸ್ಕತ್ತು ಅದ್ದಿಕೊಂಡು, "ನಿಮ್ದ ಎಷ್ಟ ಕೊಡ್ತೈತ್ರಿ?" ಎಂದರು. ನಮ್ಮದು ಹದಿನಾರರ ಆಚೆ ಹೋಗಿರಲಿಲ್ಲ. ನಾನು ಹತ್ತೊಂಬತ್ತು ಎಂದೆ. ಅಂದಿನಿಂದ ಆ ಮೂರು ಕಿಲೋಮೀಟರು ನನ್ನ ಬೆನ್ನು ಬಿದ್ದವು.

ಇದೇ ಸಮಯದಲ್ಲಿ ಮನೆಯಲ್ಲಿ ಹೆಚ್ಚು ಮಹತ್ವದ ಸಂಗತಿಯೊಂದು ನಡೆಯುತ್ತಿತ್ತು. ನನ್ನ ಹೆಂಡತಿ ಅನ್ನಪೂರ್ಣಾ ಮದುವೆಯಾದ ಮೇಲೆ ಅಂಚೆಯ ಮೂಲಕ ಬಿ.ಎ. ಕಟ್ಟಿದ್ದಳು. ಮೊದಲ ವರ್ಷ ಪರಿಸರ ಅಧ್ಯಯನದ ಪರೀಕ್ಷೆಯ ಹಿಂದಿನ ದಿನ ಅವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡದ್ದರಿಂದ ಅದೊಂದು ವಿಷಯ ಬಿಟ್ಟಳು. ಆಮೇಲೆ ಉಳಿದೆಲ್ಲ ವಿಷಯಗಳಲ್ಲಿ ಪಾಸಾದಳು. ಅದೊಂದು ಮಾತ್ರ ಪ್ರತಿಸಲ ಯಾರದೋ ಬಾಣಂತನಕ್ಕೆ, ಯಾರದೋ ಜ್ವರಕ್ಕೆ ಸಂದಿತು. ಈಗ ನೋಂದಣಿಯ ಅವಧಿ ಮುಗಿಯುವುದರಲ್ಲಿತ್ತು. ಈ ಸಲ ತಪ್ಪಿದರೆ ಪದವಿಯೇ ಇಲ್ಲ, ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಪರೀಕ್ಷೆ ಸವಣೂರಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅವಳು ಹಿಟ್ಟು ನಾದುತ್ತ, ಕಪಾಟಿಗೆ ಒರಗಿಸಿಟ್ಟ ಪುಸ್ತಕ ಓದುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಾನು ಮೊಬೈಲಿನಲ್ಲಿ ಮೈಲೇಜು ಓದುತ್ತಿದ್ದೆ.

ಹಾಗೆ ಓದುವಾಗ ಇ.ಜಿ.ಆರ್. ಎಂಬುದೊಂದು ಕಣ್ಣಿಗೆ ಬಿತ್ತು. ನನಗೆ ತಿಳಿದಷ್ಟು ಹೇಳುವುದಾದರೆ, ಎಂಜಿನ್ನು ಹೊರಗೆ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮರಳಿ ಒಳಗೆಳೆದು, ಹೊಸ ಗಾಳಿಯೊಡನೆ ಬೆರೆಸುವ ಏರ್ಪಾಡು ಅದು. ಹಾಗೆ ಮಾಡಿದರೆ ಒಳಗಿನ ಉರಿ ಸ್ವಲ್ಪ ತಣಿದು, ಹೊರಗೆ ಹೋಗುವ ವಿಷಾನಿಲ ಕಡಿಮೆಯಾಗುತ್ತದೆ. ಆದರೆ ಆ ಹೊಗೆಯ ದಾರಿಗೆ ಒಂದು ತಗಡು ಅಡ್ಡವಿಟ್ಟು ಮುಚ್ಚಿಬಿಟ್ಟರೆ ಎಂಜಿನ್ನು ಶುದ್ಧ ಗಾಳಿಯನ್ನೇ ಉಸಿರಾಡಿ ಮೈಲೇಜು ಏರುತ್ತದೆಂದು ಯಾರೋ ಪುಣ್ಯಾತ್ಮರು ವಿಡಿಯೋ ಮಾಡಿದ್ದರು. ನಾನು ಇಪ್ಪತ್ತು ವಿಡಿಯೋ ನೋಡಿ, ಹನ್ನೊಂದು ಪುಟ ಟಿಪ್ಪಣಿ ಬರೆದು, ಕೆಂಪು ಶಾಯಿಯಲ್ಲಿ ಉಪಶೀರ್ಷಿಕೆಗಳನ್ನು ಹಾಕಿದೆ. ಆಮೇಲೆ ಹದಿನೈದು ದಿನ ಮನೆಯವರಿಗೆ ಊಟದ ಹೊತ್ತಿನಲ್ಲಿ ಈ ವಿಷಯದ ಮೇಲೆ ಉಪನ್ಯಾಸ ನೀಡಿದೆ.

"ಬಿಟ್ಟ ಉಸರ ಮತ್ತ ತಾನ ತಗೊಳ್ಳೋದಂದ್ರ ಅಸಹ್ಯ ಅಲ್ಲೇನೋ?" ಎಂದಳು ಅವ್ವ. ಅವಳಿಗೆ ವಿಷಯ ಚೆನ್ನಾಗಿ ಅರ್ಥವಾಗಿತ್ತು.

ಅಪ್ಪ ರೊಟ್ಟಿ ಮುರಿಯುತ್ತ ಕೇಳಿದರು. "ತಮ್ಮಾ, ಅದನ್ನ ಮಾಡಿದಾವ್ರು ಹುಚ್ಚರೇನು? ಬ್ಯಾಡಾಗಿದ್ರ ಯಾಕ ಇಡ್ತಿದ್ರು?"

"ಅದಕ್ಕ ಎರಡು ಕಾರಣ ಅದಾವು" ಎಂದೆ. ಅಪ್ಪ ಕೈ ತೊಳೆಯಲು ಎದ್ದರು.

ಅನ್ನಪೂರ್ಣಾ ಮಾತ್ರ ಕೊನೆಯವರೆಗೆ ಕುಳಿತು ಕೇಳಿದಳು. "ಅಂದ್ರ ಅದನ್ನ ಮುಚ್ಚಿದ್ರ ಹೊರಗಿನ ಗಾಳಿ ಕೆಡ್ತೈತಿ ಹೌದಲ್ಲ?" ಎಂದು ಒಂದೇ ಪ್ರಶ್ನೆ ಕೇಳಿದಳು. ಅದು ನನ್ನ ಟಿಪ್ಪಣಿಯ ಒಂಬತ್ತನೆಯ ಪುಟದಲ್ಲಿತ್ತು. ಆ ಪುಟವನ್ನು ನಾನು ಸ್ವಲ್ಪ ಬೇಗ ಮಗುಚಿದ್ದೆ.

ಹಾನಗಲ್ಲಿನಲ್ಲಿ ನಮ್ಮ ಕಾರು ನೋಡುವವರು ಹಜರತ್‌ಸಾಬರು. ಎಂಜಿನ್ನಿಗೆ ಕಿವಿಯಿಟ್ಟು ಕಾಯಿಲೆ ಹೇಳುವ ಮನುಷ್ಯ. ನಾನು ನಿಂತುಕೊಂಡೇ ಹನ್ನೊಂದು ಪುಟಗಳನ್ನೂ ಓದಿದೆ. ಅವರು ಬೀಡಿ ಆರುವವರೆಗೆ ಕೇಳಿ, "ಸಾಹೇಬ್ರ, ಬ್ಯಾಡ್ರಿ. ಇದು ಕಂಪ್ಯೂಟರ್ ಇರೋ ಗಾಡಿ. ಅದಕ್ಕ ಲೆಕ್ಕ ತಪ್ಪಿದ್ರ ಸಿಟ್ಟ ಬರ್ತೈತಿ" ಎಂದರು. ನಾನು ಏಳನೆಯ ಪುಟವನ್ನು ಮತ್ತೊಮ್ಮೆ ಓದಿದೆ. ಅವರು ನಿಟ್ಟುಸಿರಿಟ್ಟು, "ನೀವು ಓದಿದಾವ್ರು. ನಾ ಏನ್ ಹೇಳ್ಲಿ. ಒಂದು ಸ್ಟೀಲಿನ ತಗಡು ತರ್ರಿ, ತುಕ್ಕು ಹಿಡೀಬಾರದು ನೋಡ್ರಿ" ಎಂದರು. ಓದಿದವನು ಎಂದ ಮೇಲೆ ಹಿಂದೆ ಸರಿಯುವ ದಾರಿ ನನಗೆ ಉಳಿಯಲಿಲ್ಲ.

ತಗಡು ಎಲ್ಲಿಂದ ತರುವುದು? ನಮ್ಮ ಮನೆಯ ಟ್ರಂಕಿನಲ್ಲಿ ಬೇರೆಯವರು ಕೊಟ್ಟ, ಮುಂದೆ ಬೇರೆಯವರಿಗೆ ಕೊಡಬೇಕಾದ ತಾಟುಗಳ ಒಂದು ದೊಡ್ಡ ರಾಶಿ ಇತ್ತು. ಅವ್ವ ಹಿತ್ತಲಲ್ಲಿದ್ದಾಗ ಟ್ರಂಕು ತೆರೆದು, ಅಡಿಯಲ್ಲಿದ್ದುದು ಯಾರಿಗೂ ಬೇಡದ್ದಿರಬೇಕೆಂದು ತರ್ಕಿಸಿ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಒಂದನ್ನು ಎಳೆದುಕೊಂಡು ಓಡಿದೆ. ಬಿಚ್ಚಿ ನೋಡಲಿಲ್ಲ. ಬೇಡದ ವಸ್ತುವನ್ನು ಯಾರೂ ಟವೆಲಿನಲ್ಲಿ ಸುತ್ತಿಡುವುದಿಲ್ಲವೆಂಬುದು ಹೊಳೆಯಲು ಪದವಿ ಬೇಕಾಗಿರಲಿಲ್ಲ. ಬಹುಶಃ ಅದಿದ್ದುದರಿಂದಲೇ ಹೊಳೆಯಲಿಲ್ಲ.

ಹಜರತ್‌ಸಾಬರು ತಾಟಿನ ಮೇಲೆ ಅಳತೆ ಗುರುತು ಮಾಡುತ್ತ, "ಸಪಾಟ ಇರೋದು ನಡುವ ಐತ್ರಿ. ಅಲ್ಲೇ ಏನೋ ಅಕ್ಷರ ಅದಾವು. ನಡೀತೈತೇನ್ರಿ?" ಎಂದರು. ನಾನು ಆಗ ಬೋಲ್ಟುಗಳ ಬಿಗಿತದ ಕುರಿತು ಹತ್ತನೆಯ ಪುಟ ಓದುತ್ತಿದ್ದೆ. ತಲೆ ಎತ್ತದೆ, "ಅಕ್ಷರದಿಂದ ಹೊಗೆಗೆ ಏನು ತ್ರಾಸು? ಕತ್ತರಸ್ರಿ" ಎಂದೆ. ಅವರು ಕತ್ತರಿಸಿದರು. ನಡುವೆ ತೂತು ಬಿದ್ದ ತಾಟನ್ನು ಅದೇ ಟವೆಲಿನಲ್ಲಿ ಸುತ್ತಿಕೊಟ್ಟರು. ನಾನು ಅದನ್ನು ಮರಳಿ ಟ್ರಂಕಿನ ಅಡಿಗೆ ಸೇರಿಸಿದೆ.

ಮೊದಲ ವಾರ ಮೈಲೇಜು ಹದಿನೇಳೂವರೆಗೆ ಏರಿತು. ಆ ವಾರ ನಾನು ಪರೀಕ್ಷಿಸುವ ಉದ್ದೇಶದಿಂದ ಬಹಳ ನಿಧಾನವಾಗಿ, ಹಾರ್ನ್ ಕೂಡ ಮೆಲ್ಲಗೆ ಒತ್ತುತ್ತ ಕಾರು ಓಡಿಸಿದ್ದೆನೆಂಬುದನ್ನು ಚಹಾದ ಹೊತ್ತಿನಲ್ಲಿ ಹೇಳಲಿಲ್ಲ. ಎರಡನೆಯ ವಾರ ಎಂಜಿನ್ನಿನಿಂದ ಸಣ್ಣಗೆ ಸಿಳ್ಳೆ ಕೇಳಿಸತೊಡಗಿತು. ಉಣ್ಣುವ ತಾಟಿನ ತೆಳುವಾದ ತಗಡು ಬಿಸಿಗೆ ಸೊಟ್ಟಗಾಗಿ ಹೊಗೆ ಸೋರುತ್ತಿತ್ತೆಂದು ಆಮೇಲೆ ತಿಳಿಯಿತು. ಆಗ ಅಪ್ಪ ಕೇಳಿದಾಗ, "ಉಸಿರಾಟ ಸರಾಗ ಆದ ಲಕ್ಷಣ" ಎಂದು ಹೇಳಿದೆ. ಅನಂತರ ಸ್ಟೇರಿಂಗಿನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತು. ಅದು ನಿರುಪದ್ರವಿ ಎಂದು ಹದಿನಾಲ್ಕನೆಯ ವಿಡಿಯೋದಲ್ಲಿತ್ತು. ಆದರೂ ಅದನ್ನು ನೋಡಿದಾಗಲೆಲ್ಲ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಹಿಂದೆ ಬಂದು ನಿಂತಂತೆ ಅನಿಸುತ್ತಿತ್ತು. ಕನ್ನಡಿಯ ಮೇಲೆ ಅನ್ನಪೂರ್ಣಾ ಅಂಟಿಸಿಟ್ಟಿದ್ದ, ಹಣೆಗಿಡುವ ದೊಡ್ಡ ಟಿಕಳಿಯೊಂದನ್ನು ಕಿತ್ತು, ಆ ದೀಪದ ಮೇಲೆ ಅಂಟಿಸಿಬಿಟ್ಟೆ. ಮನಸ್ಸಿಗೆ ಸಮಾಧಾನವಾಯಿತು.

ಪರೀಕ್ಷೆಯ ದಿನ ಅನ್ನಪೂರ್ಣಾ, "ಏಳರ ಬಸ್ಸಿಗೆ ಹೊಂಟಬಿಡ್ತೇನ್ರಿ. ಜೀವಕ್ಕ ಸಮಾಧಾನ" ಎಂದಳು. ಮನೆಯಲ್ಲಿ ಕಾರಿಟ್ಟುಕೊಂಡು, ಅದೂ ಸುಧಾರಿತ ಕಾರಿಟ್ಟುಕೊಂಡು ಹೆಂಡತಿಯನ್ನು ಬಸ್ಸಿಗೆ ಕಳುಹಿಸುವುದೆ? ಎಂಟಕ್ಕೆ ಕಾರಿನಲ್ಲಿ ಹೊರಟೆವು. ಆಡೂರಿನ ಆಚೆ ಕಾರಿನ ಶಕ್ತಿ ಕುಂದಿತು. ಎಷ್ಟು ತುಳಿದರೂ ಮೂವತ್ತರ ಮೇಲೆ ಏರದು. ನಿಲ್ಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿದೆ; ಎರಡು ಕಿಲೋಮೀಟರು ಸರಿಯಾಗಿ ಓಡಿ, ಮತ್ತೆ ಅದೇ ಗತಿ. ಒಂದು ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿತು. ಬಂಕಾಪುರ ಸಮೀಪಿಸಿದಾಗ ನವಿಲೊಂದು ನಮ್ಮ ಮುಂದೆಯೇ ರಸ್ತೆ ದಾಟಿತು; ನಡುವೆ ನಿಂತು, ಒಮ್ಮೆ ನಮ್ಮತ್ತ ನೋಡಿ, ಅವಸರವಿಲ್ಲದೆ ಹೋಯಿತು.

"ಏನಾಗೇತ್ರಿ?" ಎಂದಳು ಅನ್ನಪೂರ್ಣಾ.

"ಏನಿಲ್ಲ, ಒಳಗಿನ ಕಂಪ್ಯೂಟರಿಗೆ ಸ್ವಲ್ಪ ಅನುಮಾನ ಬಂದೈತಿ."

"ಯಾರ ಮ್ಯಾಲ?"

ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಅವಳ ಕಣ್ಣು ಫಲಕದ ಮೇಲೆ ಬಿತ್ತು. "ಇದೇನ್ರಿ, ನನ್ನ ಟಿಕಳಿ ಇಲ್ಯಾಕ ಬಂತು?" ಎಂದು ಉಗುರಿನಿಂದ ಕಿತ್ತಳು. ಅಡಿಯಿಂದ ಹಳದಿ ದೀಪ ಮಿಣಮಿಣ ಮಿನುಗಿತು. "ಇದು ಎಷ್ಟ ದಿನದಿಂದ ಉರ್ಯಾಕತ್ತೈತಿ?"

"ಹನ್ನೆರಡು ದಿನ."

"ಹನ್ನೆರಡ ದಿನ ದೀಪ ಹೇಳಾಕತ್ತೈತಿ, ನೀವು ಅದರ ಬಾಯಿ ಮುಚ್ಚೀರಿ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಗಡಿಯಾರ ನೋಡಿ, ಪ್ರವೇಶಪತ್ರದ ಚೀಲ ಹೆಗಲಿಗೇರಿಸಿಕೊಂಡು ಕೆಳಗಿಳಿದಳು. ನಾನೂ ಇಳಿದು, "ಇದಕ್ಕ ಎರಡು ಕಾರಣ ಅದಾವು" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸವಣೂರಿನ ಕಡೆ ಹೊರಟಿದ್ದ, ಬದನೆಕಾಯಿ ಬುಟ್ಟಿಗಳನ್ನು ಹೇರಿಕೊಂಡಿದ್ದ ಟಂಟಂ ರಿಕ್ಷಾ ಒಂದಕ್ಕೆ ಕೈ ಮಾಡಿಯಾಗಿತ್ತು.

"ಬರ್ರಿ ಅಕ್ಕಾರ, ಮುಂದ ಕುಂದರ್ರಿ" ಎಂದ ಚಾಲಕ. ನನ್ನತ್ತ ನೋಡಿ, "ಸಾಹೇಬ್ರು ಬರೂದಿಲ್ಲೇನ್ರಿ?"

"ಅವರಿಗೆ ಇಲ್ಲಿ ಕೆಲಸ ಐತಿ" ಎಂದಳು ಅನ್ನಪೂರ್ಣಾ.

ಟಂಟಂ ಹೋದ ಮೇಲೆ ರಸ್ತೆಯ ಬದಿಯಲ್ಲಿ ನಾನೂ ನನ್ನ ಸುಧಾರಿತ ಕಾರೂ ಉಳಿದೆವು. ಹಾಸ್ಯದ ಬರಹದಲ್ಲಿ ಇದನ್ನು ಹೇಳುವುದು ಉಚಿತವೋ ಇಲ್ಲವೋ ಅರಿಯೆ. ಆದರೆ ಆಗ ನನಗೆ ಅಳು ಬಂದಿತ್ತು. ನನ್ನ ತಾಯಿಯ ಮುರಿದ ಕಾಲಿಗಾಗಿ ಅವಳು ಬಿಟ್ಟ ಪರೀಕ್ಷೆ ಅದು. ಚಹಾದ ಹೊತ್ತಿನಲ್ಲಿ ಹೇಳಿದ ಮೂರು ಕಿಲೋಮೀಟರಿನ ಸುಳ್ಳಿಗಾಗಿ ನಾನು ಅದನ್ನು ಕೊನೆಯ ಸಲ ಕಳೆಯುವುದರಲ್ಲಿದ್ದೆ.

ಫೋನು ಮಾಡಿದ್ದಕ್ಕೆ ಹಜರತ್‌ಸಾಬರು ಬೈಕಿನಲ್ಲಿ ಬಂದರು. 'ನಾ ಹೇಳಿರಲಿಲ್ಲೇನ್ರಿ' ಎಂದು ಅನ್ನದೆ ಇದ್ದುದು ಅವರ ದೊಡ್ಡತನ. ಎಂಜಿನ್ನು ತಣಿಯುವವರೆಗೆ ಕಾದು, ಬೋಲ್ಟು ಬಿಚ್ಚಿ, ಕಪ್ಪಾಗಿ ಸೊಟ್ಟಗಾಗಿದ್ದ ತಗಡನ್ನು ಹೊರತೆಗೆದರು. ಚಿಂದಿಯಿಂದ ಮಸಿ ಒರೆಸುತ್ತ ಕಣ್ಣು ಕಿರಿದು ಮಾಡಿದರು. "ಬಿ... ಎ... ಪಾಸಾದ" ಎಂದು ನಿಧಾನವಾಗಿ ಓದಿ, ತಲೆ ಎತ್ತಿ, "ಸಾಹೇಬ್ರ, ಇದು ನಿಮ್ದ ಏನ್ರಿ?" ಎಂದರು.

ನಾನು ಹೌದೆಂದೆ.

ಅವರು ತಗಡನ್ನು ನನ್ನ ಕೈಗಿಟ್ಟು, ಜೊತೆಗೆ ತಂದಿದ್ದ ಯಂತ್ರ ಜೋಡಿಸಿ ದೀಪ ಆರಿಸಿದರು. ಹೊರಡುವ ಮುನ್ನ ಕಾರನ್ನು ಒಂದು ಸುತ್ತು ಹಾಕಿ, ಹಿಂದಿನ ಗಾಲಿಯನ್ನು ಕಾಲಿನಿಂದ ಒದ್ದು ನೋಡಿದರು. "ಗಾಲಿಗೆ ಗಾಳಿ ಹಾಕ್ಸಿ ಎಷ್ಟ ದಿನಾತ್ರಿ? ನಾಕೂ ಗಾಲಿ ಮೆತ್ತಗ ಅದಾವಲ್ಲ. ಹಿಂಗಿದ್ರ ಎಣ್ಣಿ ಕುಡೀದ ಏನ್ ಮಾಡ್ತೈತಿ?" ಎಂದರು. ಎಂಜಿನ್ನಿನೊಳಗಿನ ಗಾಳಿಯ ಕುರಿತು ಹನ್ನೊಂದು ಪುಟ ಬರೆದವನು ಗಾಲಿಯೊಳಗಿನ ಗಾಳಿಯ ಕುರಿತು ಒಂದು ಸಾಲನ್ನೂ ಬರೆದಿರಲಿಲ್ಲ.

ನಾನು ಸವಣೂರು ತಲುಪುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಅನ್ನಪೂರ್ಣಾ ಕಾಲೇಜಿನ ಗೇಟಿನ ಬಳಿ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದಳು. ಇಪ್ಪತ್ತು ನಿಮಿಷ ತಡವಾಗಿ ಹೋಗಿದ್ದಳಂತೆ. ಅರ್ಧ ಗಂಟೆಯವರೆಗೆ ಒಳಗೆ ಬಿಡುವ ನಿಯಮವಿದ್ದುದರಿಂದ ಬಿಟ್ಟರಂತೆ. ಕಾರು ಹತ್ತಿದವಳು ಬಂಕಾಪುರ ದಾಟಿದ ಮೇಲೆ, "ವಾಹನದ ಹೊಗಿಯಿಂದ ಗಾಳಿ ಕೆಡೋದನ್ನ ಹೆಂಗ ತಡೀಬಹುದು ಅಂತ ಹತ್ತು ಅಂಕದ ಪ್ರಶ್ನಿ ಬಂದಿತ್ರಿ" ಎಂದಳು. "ನೀವು ಹದಿನೈದು ದಿನ ಹೇಳಿದ್ದೆಲ್ಲಾ ಬರದೇನಿ. ಬರೇ ಕೊನೀಗೆ, ಈ ದಾರಿ ಯಾರೂ ಮುಚ್ಚಬಾರದು ಅಂತ ಸೇರಿಸೇನಿ." ನನ್ನ ಉಪನ್ಯಾಸವನ್ನು ಎರಡನೆಯ ಕಾರಣದವರೆಗೆ ಕೇಳಿದವರು ಒಬ್ಬರಾದರೂ ಇದ್ದರು.

ಸಂಜೆ ಅಪ್ಪ ತಲೆಗೆ ರುಮಾಲು ಸುತ್ತಿಕೊಂಡು ಸಿದ್ಧರಾಗಿದ್ದರು. "ಟ್ರಂಕಿನ್ಯಾಗಿನ ಆ ತಾಟು ಕೊಡ" ಎಂದು ಅವ್ವನಿಗೆ ಹೇಳಿದರು. "ಅಂಗಡ್ಯಾಂವಗ ತೋರಸ್ಬೇಕು. ಅನ್ನಪೂರ್ಣಾಂದೂ ಹಂಗ ಬರಸೂದೈತಿ."

"ಅಪ್ಪಾ, ಇನ್ನ ಫಲಿತಾಂಶ ಬಂದಿಲ್ಲ" ಎಂದೆ.

"ಬದನಿಕಾಯಿ ಬುಟ್ಟಿ ನಡುವ ಕುಂತ ಹೋಗಿ ಬರದಾಳ. ಪಾಸ್ ಆಕ್ಕಾಳ."

ಅವ್ವ ಟವೆಲು ಬಿಚ್ಚಿದಳು. ತಾಟಿನ ತೂತಿನೊಳಗಿಂದ ಅವಳ ಹಸಿರು ಬಳೆ ಕಾಣಿಸಿತು. ಅಪ್ಪ ತಾಟನ್ನು ಕೈಗೆತ್ತಿಕೊಂಡು, ಅಕ್ಷರಗಳ ಮೇಲೆ ಬೆರಳು ಆಡಿಸುತ್ತ ಬಂದರು. ನನ್ನ ಮಗ, ಮಹಾಂತೇಶ. ಬೆರಳು ತೂತಿನಲ್ಲಿ ಇಳಿಯಿತು. ಓದಲು ಬಾರದ ಅಪ್ಪ ನನ್ನ ಮುಖ ನೋಡಿ, "ಇಲ್ಲೇ ಇತ್ತಲ್ಲೋ ನಿನ್ನ ಬಿ.ಎ.?" ಎಂದರು.

ಆ ಕ್ಷಣದಲ್ಲಿ ನನಗೆ ಒಂದೇ ಒಂದು ಕಾರಣವೂ ಹೊಳೆಯಲಿಲ್ಲ. ಅಂಗಿಯ ಜೇಬಿನಿಂದ ಸೊಟ್ಟ ತಗಡನ್ನು ತೆಗೆದು ಕೊಟ್ಟೆ. ಅನ್ನಪೂರ್ಣಾ ಅದನ್ನು ಸೆರಗಿನಿಂದ ಒರೆಸಿ, "ಇಲ್ಲೈತ್ರಿ ಮಾವಾರ. ಎಂಜಿನ್ನಿನ್ಯಾಗಿತ್ತು" ಎಂದು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಬೈಗುಳದ ನಿರೀಕ್ಷೆಯಿತ್ತು. ಅವರು ಅದನ್ನು ತೂತಿನ ಮೇಲಿಟ್ಟು, ಹೊಂದದಿರುವುದನ್ನು ಕಂಡು, "ಎಂಜಿನ್ನಿಗೂ ದಕ್ಕಲಿಲ್ಲ ನೋಡ ಇದು" ಎಂದರು. ಮೊದಲು ನಕ್ಕವಳು ಅವ್ವ. ಅಪ್ಪನೂ ನಕ್ಕರು, ಆದರೆ ತಗಡನ್ನು ರುಮಾಲಿನ ಸೆರಗಿನಲ್ಲಿ ಕಟ್ಟಿಕೊಂಡರು, ಹಿಂದಿರುಗಿಸಲಿಲ್ಲ.

"ಯಾಕ ಮಾಡಿದಿ ತಮ್ಮಾ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲಪ್ಪಾ" ಎಂದೆ. ಪಾಸಾದ ನಂತರ ಆ ಮನೆಯಲ್ಲಿ ನಾನು ಮೊದಲ ಸಲ ಆಡಿದ ಮಾತು ಅದು. ನಾಲ್ಕು ತಾಲೂಕುಗಳ ತಾಟುಗಳಿಗೆ ಏನೂ ಆಗಲಿಲ್ಲ.

ಮುಂದೆ ಆದದ್ದನ್ನು ಇದ್ದುದಿದ್ದಂತೆ ತಿಳಿಸಿ ಮುಗಿಸುತ್ತೇನೆ. ಅನ್ನಪೂರ್ಣಾ ಪಾಸಾದಳು. 'ನಮ್ಮ ಸೊಸೆ ಅನ್ನಪೂರ್ಣಾ ಬಿ.ಎ. ಪಾಸಾದ ಸಂತೋಷಕ್ಕೆ' ಎಂದು ಕೊರೆಸಿದ ಐವತ್ತು ತಾಟುಗಳನ್ನು ಹಂಚಿದ್ದೇವೆ. ಒಂದನ್ನು ಹಜರತ್‌ಸಾಬರಿಗೆ ಕೊಟ್ಟೆವು, ಕತ್ತರಿಸಬಾರದೆಂಬ ಷರತ್ತಿನ ಮೇಲೆ. ಕಾರಿನ ಹೊಗೆ ಮೊದಲಿನ ದಾರಿಯಲ್ಲೇ ಸುತ್ತುತ್ತಿದೆ. ಪ್ರತಿ ಸೋಮವಾರ ಗಾಲಿಗಳಿಗೆ ಗಾಳಿ ಹಾಕಿಸುತ್ತೇನೆ, ಮೈಲೇಜು ಹದಿನೆಂಟು ಬರುತ್ತದೆ, ಕಚೇರಿಯಲ್ಲಿ ಹದಿನೆಂಟು ಎಂದೇ ಹೇಳುತ್ತೇನೆ. ಮನೆಯಲ್ಲಿ ಏನಾದರೂ ಕೇಳುವುದಿದ್ದರೆ ಅಪ್ಪ ಮೊದಲು ನನ್ನನ್ನೇ ಕೇಳುತ್ತಾರೆ, ಎರಡು ಕಾರಣಗಳನ್ನೂ ಕುಳಿತು ಕೇಳುತ್ತಾರೆ, ಆಮೇಲೆ ಒಳಗಡೆ ತಿರುಗಿ, "ಖರೇ ಏನವಾ ಇದು?" ಎಂದು ಸೊಸೆಯನ್ನು ವಿಚಾರಿಸುತ್ತಾರೆ. ತೂತು ಬಿದ್ದ ತಾಟನ್ನು ಅವ್ವ ಅನ್ನದ ಪಾತ್ರೆಗೆ ಮುಚ್ಚಳವಾಗಿ ಬಳಸುತ್ತಾಳೆ. ನನ್ನ ಬಿ.ಎ. ಇದ್ದ ಜಾಗದಿಂದ ಉಗಿ ಸರಾಗವಾಗಿ ಹೊರಗೆ ಹೋಗುತ್ತದೆ; ಅನ್ನ ಈಗ ಉಕ್ಕುವುದಿಲ್ಲ.